ಕತ್ತರಿ ಹಿಡಿಯುವ ಕೈಯ ಲೆಕ್ಕ

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. 2022ರ ನವೆಂಬರಿನಲ್ಲಿ ಪಕ್ಕದ ಮನೆಯವರ ಕಾರಿನಲ್ಲಿ ಮದುವೆಗೆ ಹೊರಟಿದ್ದೆವು. ಅರಸೀಕೆರೆ ಇನ್ನೇನು ಬಂತು ಅನ್ನುವಾಗ, ಎದುರಿನಿಂದ ಬಸ್ಸನ್ನು ಹಿಂದಿಕ್ಕಲು ನುಗ್ಗಿದ ಕಾರು ನಮಗೆ ಬಡಿಯಿತು. ಉಳಿದವರಿಗೆ ತರಚು ಗಾಯ. ನನ್ನ ಬಲಗೈ ಮಣಿಕಟ್ಟು ಮುರಿದು ಒಳಗೆ ಪ್ಲೇಟು, ಸ್ಕ್ರೂ ಹಾಕಬೇಕಾಯಿತು.

ನಾವು ಮಾಡಿದ ದೊಡ್ಡ ತಪ್ಪು ಆ ಸಂಜೆಯೇ ಆಯಿತು. ಗುದ್ದಿದ ಕಾರಿನವರು ಆಸ್ಪತ್ರೆಗೂ ಬಂದು, "ಅಕ್ಕಾ, ಖರ್ಚೆಲ್ಲ ನಾನೇ ಕೊಡ್ತೀನಿ, ಪೊಲೀಸ್ ಕೇಸ್ ಮಾತ್ರ ಬೇಡ" ಎಂದು ಅಂಗಲಾಚಿದರು. ಪಾಪ ಅನ್ನಿಸಿತು. ಜಾರಿ ಬಿದ್ದರು ಎಂದು ನಮ್ಮ ಮೈದುನ ಆಸ್ಪತ್ರೆಯಲ್ಲಿ ಬರೆಸಿದ. ಮರುದಿನದಿಂದ ಆ ಮನುಷ್ಯ ಫೋನ್ ಎತ್ತಲಿಲ್ಲ. ಮೂರನೆಯ ದಿನ ಠಾಣೆಗೆ ಹೋಗಿ ದೂರು ಕೊಟ್ಟೆವು. ಮಹಜರು ಆಯಿತು, ಕೊನೆಗೆ ಆ ಚಾಲಕನ ಮೇಲೆ ಚಾರ್ಜ್‌ಶೀಟೂ ಆಯಿತು. ಆದರೂ ಕೇಸ್ ಶೀಟಿನಲ್ಲಿದ್ದ "ಬಿದ್ದು ಗಾಯ" ಎಂಬ ಆ ಒಂದು ಸಾಲು ಎರಡು ವರ್ಷ ನನ್ನ ಬೆನ್ನು ಬಿಡಲಿಲ್ಲ. ಪಾಟೀ ಸವಾಲಿನಲ್ಲಿ ಗುದ್ದಿದ ಕಾರಿನ ವಿಮಾ ಕಂಪನಿಯ ವಕೀಲರು ಅದನ್ನೇ ಹಿಡಿದು ಎಳೆದರು. ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ತಪ್ಪಿಸಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿರುವುದನ್ನು ನಮ್ಮ ವಕೀಲರು ತೋರಿಸಿದರು. ಜೊತೆಗಿದ್ದ ಪಕ್ಕದ ಮನೆಯಣ್ಣ ಬಂದು ಸಾಕ್ಷಿ ಹೇಳಿದ್ದರಿಂದ ಉಳಿದುಕೊಂಡೆ. ದಯವಿಟ್ಟು ಕೇಳಿ: ಆಸ್ಪತ್ರೆಯಲ್ಲಿ ಮೊದಲ ದಿನವೇ "ರಸ್ತೆ ಅಪಘಾತ" ಎಂದು ಬರೆಸಿ, ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂಬ ಆಸ್ಪತ್ರೆಯ ದಾಖಲೆ, ಮಾಡಿಸಿ.

ಅಪಘಾತವಾದದ್ದು ಹಾಸನ ಜಿಲ್ಲೆಯಲ್ಲಾದರೂ ಕ್ಲೇಮ್ ಅರ್ಜಿಯನ್ನು ನಮ್ಮೂರಿನ ನ್ಯಾಯಾಲಯದಲ್ಲೇ ಹಾಕಿದೆ. ವಾಸವಿರುವ ಕಡೆ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಗಡುವು 2022ರ ಏಪ್ರಿಲ್ 1ರಿಂದ ಬಂದಿದೆ ಎಂದು ವಕೀಲರು ಎಚ್ಚರಿಸಿದ್ದರಿಂದ, ಕೈಗೆ ಪಟ್ಟಿ ಇರುವಾಗಲೇ ಎಡಗೈ ಹೆಬ್ಬೆಟ್ಟು ಒತ್ತಿ ವಕಾಲತ್ತು ಕೊಟ್ಟೆ. ಇಪ್ಪತ್ತು ವರ್ಷದಿಂದ ಸಹಿ ಹಾಕುತ್ತಿದ್ದವಳು ನಾನು. ಆ ಹೊತ್ತು ಅಳು ಬಂತು.

ನಿಜವಾದ ಜಗ್ಗಾಟ ನಡೆದದ್ದು ಪರ್ಸೆಂಟಿನ ಮೇಲೆ. ನನಗೆ ಆಪರೇಷನ್ ಮಾಡಿದ ಡಾಕ್ಟರೇ ಬಂದು, ಬಲಗೈಯ ಊನ ಶೇಕಡಾ 36 ಎಂದರು. ನಮ್ಮ ಕೋರ್ಟುಗಳಲ್ಲಿ ಸಾಮಾನ್ಯವಾಗಿ ಒಂದು ಅಂಗದ ಊನದಲ್ಲಿ ಮೂರನೇ ಒಂದು ಭಾಗವನ್ನು ಇಡೀ ದೇಹದ್ದು ಎಂದು ಹಿಡಿಯುತ್ತಾರೆ. ಅಂದರೆ 12. ಆದರೆ ನಾನು ದುಡಿಯುವುದು ಇಡೀ ದೇಹದಿಂದಲ್ಲ, ಹೆಬ್ಬೆರಳು ಮತ್ತು ಮಣಿಕಟ್ಟಿನಿಂದ. ನಾಲ್ಕು ಪದರ ಬಟ್ಟೆಯ ಮೇಲೆ ಕತ್ತರಿ ಓಡಿಸಲು ಆಗುತ್ತಿಲ್ಲ, ಕಾಜಾ ಹೊಲಿಯುವಾಗ ಸೂಜಿ ಜಾರುತ್ತದೆ. 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿದೆ: ಎಡಗೈ ಕಳೆದುಕೊಂಡ ಬಡಗಿಯ ದುಡಿಮೆಯೇ ನಿಲ್ಲಬಹುದು, ಅದೇ ಗಾಯವಾದ ಗುಮಾಸ್ತನ ನೌಕರಿ ಉಳಿಯಬಹುದು, ನೋಡಬೇಕಾದ್ದು ಗಳಿಕೆಗೆ ಬಿದ್ದ ಪೆಟ್ಟನ್ನು.

ಅದಕ್ಕೆ ಪುರಾವೆ? ನನ್ನ ಹತ್ತಿರ ಆದಾಯ ತೆರಿಗೆಯ ಕಾಗದವಿಲ್ಲ. ಇದ್ದದ್ದು ಅಳತೆ ಪುಸ್ತಕ. ಗಿರಾಕಿಯ ಹೆಸರು, ಎದೆ, ಸೊಂಟ, ತೋಳಿನ ಅಳತೆ, ಕೊಡಬೇಕಾದ ದಿನ, ಕೂಲಿ, ಎಲ್ಲ ಅದರಲ್ಲಿತ್ತು. ಅಪಘಾತದ ಹಿಂದಿನ ದಿನದವರೆಗೆ ನನ್ನ ಗುಂಡು ಅಕ್ಷರ. ಆಮೇಲೆ ಐದು ತಿಂಗಳು ಖಾಲಿ ಹಾಳೆ. ಅದಾದ ಮೇಲೆ ವಾರಕ್ಕೊಂದೆರಡು ಫಾಲ್ಸ್ ಕೆಲಸ, ಅದೂ ಸೊಟ್ಟ ಅಕ್ಷರದಲ್ಲಿ. ದಾರ, ಲೈನಿಂಗ್ ತಂದ ಬಿಲ್ಲು, ಅಂಗಡಿಯ ಕರೆಂಟ್ ಬಿಲ್ಲು, ಫೋನಿಗೆ ಬಂದ ಹಣದ ಬ್ಯಾಂಕ್ ಪಟ್ಟಿಯನ್ನೂ ಜೋಡಿಸಿದೆ. ಸಾಕ್ಷಿ ಹೇಳುವಾಗ ನ್ಯಾಯಾಧೀಶರು ಪುಸ್ತಕವನ್ನು ತಾವೇ ತಿರುವಿ ನೋಡಿದರು.

ನಡುವೆ ಲೋಕ ಅದಾಲತ್‌ನಲ್ಲಿ ಕಂಪನಿ ಎಲ್ಲ ಸೇರಿ ಮೂರು ಲಕ್ಷಕ್ಕೆ ಮುಗಿಸೋಣ ಎಂದಿತು. ಅಲ್ಲಿ ಒಪ್ಪಿದರೆ ಮೇಲ್ಮನವಿ ಇಲ್ಲ. ಮನೆಯಲ್ಲಿ ಎಲ್ಲರೂ ತಗೋ ಅಂದರು, ಸಾಲವೂ ಇತ್ತು. ನಾನು ಒಪ್ಪಲಿಲ್ಲ.

ತೀರ್ಪಿನಲ್ಲಿ ತಿಂಗಳ ಆದಾಯ 15,000 ಎಂದು ಹಿಡಿದರು. ನನಗಾಗ 38 ವರ್ಷ. 36ರಿಂದ 40ರ ವಯಸ್ಸಿಗೆ ಗುಣಕ 15, ಅಂದರೆ ವರ್ಷದ ಆದಾಯವನ್ನು 15ರಿಂದ ಗುಣಿಸಿ, ಅದರಲ್ಲಿ ಊನದ ಪರ್ಸೆಂಟಿನಷ್ಟು ಕೊಡುತ್ತಾರೆ. ಶೇಕಡಾ 12ರಂತೆ ಆಗಿದ್ದರೆ 3,24,000. ನನ್ನ ಕಸುಬು ನೋಡಿ 20 ಎಂದು ಹಿಡಿದದ್ದರಿಂದ 5,40,000 ಆಯಿತು. ಆಸ್ಪತ್ರೆ ಖರ್ಚು, ನೋವಿನ ಬಾಬ್ತು, ದುಡಿಯಲಾಗದ ತಿಂಗಳುಗಳ ನಷ್ಟ ಬೇರೆ. ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಸಿಕ್ಕಿತು. ಆಟೋ ಖರ್ಚಿಗೆ ಚೀಟಿ ಇಟ್ಟಿರಲಿಲ್ಲ, ಅದರಲ್ಲಿ ಬಹುಪಾಲು ಹೋಯಿತು.

ಹಣದಲ್ಲಿ ಒಂದು ಭಾಗವನ್ನು ಕೋರ್ಟೇ ಬ್ಯಾಂಕಿನಲ್ಲಿ ಠೇವಣಿ ಇಡಿಸಿದೆ. ಕೈಗೆ ಬಂದದ್ದರಲ್ಲಿ ಸಾಲ ತೀರಿಸಿ, ಕಟಿಂಗ್‌ಗೆ ಒಬ್ಬ ಹುಡುಗಿಯನ್ನು ಇಟ್ಟುಕೊಂಡಿದ್ದೇನೆ. ಅಳತೆ ನಾನೇ ತೆಗೆಯುತ್ತೇನೆ, ಗುರುತೂ ನಾನೇ ಹಾಕುತ್ತೇನೆ. ಕತ್ತರಿ ಮಾತ್ರ ಅವಳ ಕೈಯಲ್ಲಿ.