ಮಗ ಹುಷಾರಾಗಿರುವಾಗ ದಮ್ಮಿನ ಪಂಪು (ಇನ್‌ಹೇಲರ್) ಬಿಡಬೇಡಿ

ನನ್ನ ಮಗನಿಗೆ ಎಂಟು ವರ್ಷ. ದಮ್ಮು ಶುರುವಾಗಿ ನಾಲ್ಕು ವರ್ಷ ಆಯ್ತು. ಉಸಿರು ಕಟ್ಟಿದ ರಾತ್ರಿ ಔಷಧಿ ಕೊಡೋದು ಮರೆಯಲ್ಲ. ಕಷ್ಟ ಇರೋದು ಅವನು ಚೆನ್ನಾಗಿ ಕುಣಿದಾಡಿಕೊಂಡಿರುವ ದಿನಗಳಲ್ಲಿ. "ಹುಷಾರಾಗಿದ್ದಾನಲ್ಲಮ್ಮ, ಇನ್ನೂ ಯಾಕೆ ಆ ಪಂಪು? ಚಟ ಆಗಿಬಿಡುತ್ತೆ" ಅಂತಾರೆ ಅತ್ತೆ. ಅವರ ಮಾತು ಕೇಳಿ ನಾನೂ ಒಮ್ಮೆ ನಿಲ್ಲಿಸಿದೆ. ಮೂರೇ ವಾರಕ್ಕೆ ನಡುರಾತ್ರಿ ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು.

ನಮ್ಮನೇಲಿ ಎರಡು ಪಂಪು. ನೀಲಿಯದು ಸಾಲ್ಬುಟಮಾಲ್, ಬಿಗಿದ ಉಸಿರಿನ ಕೊಳವೆಯನ್ನು ನಿಮಿಷಗಳಲ್ಲಿ ಸಡಿಲ ಮಾಡುತ್ತೆ. ದಿನಾ ಕೊಡೋದು ಬುಡೆಸೊನೈಡ್, ಒಳಗಿನ ಊತ ಇಳಿಸುತ್ತೆ. ಇದರ ಕೆಲಸ ಕಣ್ಣಿಗೆ ಕಾಣಲ್ಲ, ಅದಕ್ಕೇ ಬಿಟ್ಟುಬಿಡೋಣ ಅನ್ನಿಸುತ್ತೆ. ಡಾಕ್ಟರನ್ನು ಕೇಳದೆ ಬಿಡಬೇಡಿ. "ಸಿರಪ್ಪೇ ವಾಸಿ" ಅಂದ ಅತ್ತೆಗೆ ಲೆಕ್ಕ ತೋರಿಸಿದೆ. ಸಾಲ್ಬುಟಮಾಲ್ ಸಿರಪ್ 5 ಮಿ.ಲೀ.ಗೆ 2 ಮಿಲಿಗ್ರಾಂ. ಪಂಪು ಒಂದು ಸಲ ಒತ್ತಿದರೆ 100 ಮೈಕ್ರೋಗ್ರಾಂ. ಅಂದ್ರೆ ಒಂದು ಚಮಚ ಸಿರಪ್ಪಲ್ಲಿ ಇಪ್ಪತ್ತು ಒತ್ತಿನಷ್ಟು ಔಷಧಿ ಮೈಗೆ ಹೋಗುತ್ತೆ!

ಕೊಡೋದು ಹೀಗೆ. ಪಂಪನ್ನು ಚೆನ್ನಾಗಿ ಕುಲುಕಿ ಸ್ಪೇಸರ್‌ಗೆ (ಪಂಪಿಗೂ ಬಾಯಿಗೂ ನಡುವೆ ಇಡುವ ಕೊಳವೆ) ಸಿಕ್ಕಿಸಿ. ಮಗುವನ್ನು ನೆಟ್ಟಗೆ ಕೂರಿಸಿ. ಒಂದು ಸಲ ಒತ್ತಿ, ಬಾಯಲ್ಲಿ ಐದಾರು ಸಲ ಮೆಲ್ಲಗೆ ಉಸಿರಾಡಿಸಿ. ಎರಡನೇದಕ್ಕೆ ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ. ಎರಡೂ ಸೇರಿಸಿ ಒತ್ತಬೇಡಿ. ಬುಡೆಸೊನೈಡ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಲೇಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ ಬರಬಹುದು. ನಾವು ಹಲ್ಲುಜ್ಜುವ ಮೊದಲೇ ಕೊಡ್ತೇವೆ, ಎರಡೂ ಕೆಲಸ ಒಟ್ಟಿಗೆ ಮುಗಿಯುತ್ತೆ. ಪ್ಲಾಸ್ಟಿಕ್ ಸ್ಪೇಸರನ್ನು ಸೋಪುನೀರಲ್ಲಿ ಅದ್ದಿ ಹಾಗೇ ಆರಲು ಬಿಡಿ. ಬಟ್ಟೆಯಲ್ಲಿ ಉಜ್ಜಿದರೆ ಔಷಧಿ ಅದರ ಒಳಗೋಡೆಗೇ ಅಂಟಿಕೊಳ್ಳುತ್ತೆ.

ಹೋದ ವರ್ಷ ನಾನು ಮೋಸ ಹೋಗಿದ್ದು ಇನ್ನೊಂದರಲ್ಲಿ. ದಿನಾ ಕೊಡ್ತಿದ್ದರೂ ಕೆಮ್ಮು ವಾಪಸ್ ಬಂತು. ಪಂಪು ಒತ್ತಿದರೆ 'ಫುಸ್' ಅಂತಿತ್ತು, ಔಷಧಿ ಮಾತ್ರ ಯಾವಾಗಲೋ ಮುಗಿದಿತ್ತು. ಗ್ಯಾಸು ಉಳಿದಿರುತ್ತಲ್ಲ! ಈಗ ಪೆಟ್ಟಿಗೆ ಒಡೆದ ದಿನವೇ ಲೆಕ್ಕ: 200 ಒತ್ತು, ದಿನಕ್ಕೆ ನಾಲ್ಕು, ಐವತ್ತು ದಿನ. ಮುಗಿಯುವ ತಾರೀಖಿಗೆ ಅಡುಗೆಮನೆ ಕ್ಯಾಲೆಂಡರಲ್ಲಿ ಕೆಂಪು ಸುತ್ತು.

ದಮ್ಮು ಕೆರಳಿಸುವ ಮನೆಯ ಧೂಳಿನ ನುಸಿ (ಕಣ್ಣಿಗೆ ಕಾಣದ ಹುಳ) ಪೂರ್ತಿ ಹೋಗಲ್ಲ, ಸುಮ್ನೆ ಆಸೆ ಬೇಡ. ಅವನು ಮಲಗುವ ಜಾಗ ಒಂದನ್ನು ಹಿಡಿದುಕೊಳ್ಳಿ. ಹೊದಿಕೆ, ದಿಂಬಿನ ಕವರು ವಾರಕ್ಕೊಮ್ಮೆ 60 ಡಿಗ್ರಿ ನೀರಲ್ಲಿ ಒಗೀತೇನೆ. ಅಜ್ಜಿ ಹೊಲಿದ ಕೌದಿಯನ್ನು ಮಾತ್ರ ಬೀರುವಿಗೆ ಸೇರಿಸಿದೆ, ಮನಸ್ಸಿಲ್ಲದ ಮನಸ್ಸಿಂದ. ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಿದೆವು. ಅಗರಬತ್ತಿ ಬಾಲ್ಕನಿಗೆ ಹೋಯ್ತು. ಪಕ್ಕದ ಖಾಲಿ ಸೈಟಿನ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಗ್ಲೌಸ್ ಹಾಕಿ ಕೀಳ್ತೇವೆ. ಅದೂ ಮಗ ಸ್ಕೂಲಲ್ಲಿರುವಾಗ.

ಇಷ್ಟೆಲ್ಲ ಮಾಡಿದರೂ ದಮ್ಮು ಬರಬಹುದು. ಪೂರ್ತಿ ವಾಕ್ಯ ಹೇಳೋಕೆ ಉಸಿರು ಸಾಲದಿದ್ದರೆ, ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ, ತುಟಿ ನೀಲಿಯಾದರೆ, ನೀಲಿ ಪಂಪು ಕೊಡುತ್ತಲೇ ಆಸ್ಪತ್ರೆಗೆ ಹೊರಡಿ. ಎಷ್ಟು ಒತ್ತು ಅನ್ನೋದನ್ನು ಮೊದಲೇ ಡಾಕ್ಟರ ಹತ್ತಿರ ಬರೆಸಿಕೊಂಡಿರಿ. ನಮ್ಮ ಚೀಟಿ ಫ್ರಿಜ್ಜಿನ ಮೇಲೊಂದು, ಸ್ಕೂಲ್ ಬ್ಯಾಗಲ್ಲೊಂದು ಇದೆ. ಮೂರನೇದು ಅತ್ತೆಯ ಪರ್ಸಲ್ಲಿ, ಅವರೇ ಕೇಳಿ ಇಸ್ಕೊಂಡಿದ್ದು.