ಯುವಿಸಿಇ ಸಿಗಲಿಲ್ಲ, ಆದರೂ ಅಗ್ಗದ ಸೀಟು ಸಿಕ್ಕಿತು: ನನ್ನ ಅನುಭವ

ಮಗಳ ಸಿಇಟಿ ರ‍್ಯಾಂಕಿಗೆ ದುಬಾರಿ ಮ್ಯಾನೇಜ್‌ಮೆಂಟ್ ಸೀಟು ಬಿಟ್ಟರೆ ಬೇರೆ ದಾರಿ ಇಲ್ಲ ಅಂತ ನೆಂಟರೆಲ್ಲ ಹೇಳಿದ್ದರು. ಮಗಳು ಈಗ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಓದುತ್ತಿದ್ದಾಳೆ. ಅನುದಾನಿತ ಸೀಟು, ಅಂದರೆ ಸರ್ಕಾರದ ಅನುದಾನ ಇರುವುದರಿಂದ ಶುಲ್ಕ ಕಮ್ಮಿ. ಮೊದಲ ವರ್ಷಕ್ಕೆ ಕಟ್ಟಿದ್ದು ಹೆಚ್ಚುಕಮ್ಮಿ 40 ಸಾವಿರ.

ಅವಳಿಗೆ ಬೆಂಗಳೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ಮೇಲೇ ಆಸೆ ಇತ್ತು. ರ‍್ಯಾಂಕ್ 40 ಸಾವಿರದ ಆಸುಪಾಸು ಬಂತು, ಅಲ್ಲಿಗೆ ಆ ಮಾತು ಮುಗಿಯಿತು. ಒಬ್ಬ ಏಜೆಂಟ್ ಕಂಪ್ಯೂಟರ್ ಸೈನ್ಸ್‌ಗೆ ಹತ್ತು ಲಕ್ಷದ ಮೇಲೆ ಹೇಳಿದ, ಅದೂ ಎರಡು ದಿನದಲ್ಲಿ ಮುಂಗಡ ಕೊಡಬೇಕಂತೆ. ರ‍್ಯಾಂಕ್ ಹಾಕಿದರೆ ಕಾಲೇಜು ತೋರಿಸುವ ಆ್ಯಪ್‌ಗೂ ದುಡ್ಡು ಕಟ್ಟಿದೆ. ಅದು ತೋರಿಸಿದ್ದು ಬರೀ ಜಿಎಂ (ಸಾಮಾನ್ಯ ವರ್ಗದ) ಕಟಾಫ್, ಅಂದರೆ ಸೀಟು ಸಿಕ್ಕ ಕೊನೇ ರ‍್ಯಾಂಕ್. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಆಮೇಲೆ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ (ಕೆಇಎ) ಹಳೇ ಕಟಾಫ್ ಪಿಡಿಎಫ್‌ಗಳನ್ನು ಎಕ್ಸೆಲ್‌ಗೆ ಹಾಕಿಕೊಂಡು ಕೂತೆ. ಎಲ್ಲರೂ ಜಿಎಂ ಕಾಲಂ ನೋಡಿ ಮುಚ್ಚಿಡುತ್ತಾರೆ. ನಮ್ಮದು ಹಿಂದುಳಿದ ವರ್ಗಗಳ ಮೀಸಲಾತಿಯ 3ಎ. ಅಲ್ಲಿ 3ಎಜಿ, 3ಎಕೆ, 3ಎಆರ್ ಅಂತ ಮೂರು ಕಾಲಂ ಇವೆ: ಜಿ ಅಂದರೆ ಸಾಮಾನ್ಯ, ಕೆ ಕನ್ನಡ ಮಾಧ್ಯಮ, ಆರ್ ಗ್ರಾಮೀಣ. ಮಗಳು ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮ, ಹಾಗಾಗಿ ನನ್ನ ಕಣ್ಣೆಲ್ಲ ಆ 'ಕೆ' ಮೇಲೆ. ಮೊದಲ ಸುತ್ತಿನ ಕೊನೇ ರ‍್ಯಾಂಕ್‌ಗೂ ಕೊನೇ ಸುತ್ತಿನದಕ್ಕೂ ಎಷ್ಟು ಅಂತರ ಅಂತ ಪಕ್ಕದಲ್ಲೇ ಬರೆದುಕೊಂಡೆ. ಕೆಲವು ಬ್ರಾಂಚ್‌ಗಳಲ್ಲಿ ಸಾವಿರಗಟ್ಟಲೆ ಇಳಿಯುತ್ತೆ, ಅಂದರೆ ಅಷ್ಟು ಹಿಂದಿನ ರ‍್ಯಾಂಕಿನವರಿಗೂ ಸೀಟು ಸಿಗುತ್ತೆ.

ಹುಡುಕಿದ್ದು ಹಳೇ ಕಾಲೇಜುಗಳನ್ನು ಮಾತ್ರ. ದಾವಣಗೆರೆಯ ಯುಬಿಡಿಟಿ, 1960ರ ಹಾಸನದ್ದು, 1963ರ ಬಾಗಲಕೋಟೆಯದ್ದು, ಜೊತೆಗೆ ಸರ್ಕಾರಿ ಕಾಲೇಜುಗಳು. ಹೊಸ ಖಾಸಗಿ ಕಾಲೇಜಲ್ಲಿ ಸಿಇಟಿ ಸೀಟಿಗೇ ವರ್ಷಕ್ಕೆ ಲಕ್ಷದ ಆಚೀಚೆ ಆಗುತ್ತೆ. ಹಳೇ ಅನುದಾನಿತ ಕಾಲೇಜಲ್ಲಿ ಅದರ ಅರ್ಧವೂ ಇಲ್ಲ. ಆದರೆ ಒಂದೇ ಕಾಲೇಜಲ್ಲಿ ಅನುದಾನಿತ, ಅನುದಾನರಹಿತ ಎರಡೂ ಬಗೆಯ ಸೀಟು ಇರಬಹುದು. ಬೇಕಾದ ಕಾಲೇಜು, ಬ್ರಾಂಚ್‌ಗಳ ಪಟ್ಟಿ ತುಂಬುವ ಆಪ್ಷನ್ ಎಂಟ್ರಿಯಲ್ಲಿ ಶುಲ್ಕ ನೋಡಿಯೇ ಆರಿಸಿ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಯುವಿಸಿಇ ಇರುವ ಕೆ.ಆರ್. ಸರ್ಕಲ್‌ನಲ್ಲೇ ಎಸ್‌ಕೆಎಸ್‌ಜೆಟಿಐ ಕೂಡ ಇದೆಯಲ್ಲ, ಸರ್ಕಾರಿ ಕಾಲೇಜು. ನಿಜವಾದ ಸುತ್ತಿಗೆ ಮುಂಚೆ ನಡೆಯುವ ಮಾಕ್ (ಅಣಕು) ಹಂಚಿಕೆಯಲ್ಲಿ ಅದರ ಟೆಕ್ಸ್‌ಟೈಲ್ ಬ್ರಾಂಚನ್ನು ಬೇಕಂತಲೇ ಮೇಲಿಟ್ಟೆ. ತಟ್ಟನೆ ಬಂತು! ಬೆಂಗಳೂರೇ ಬೇಕು, ಬ್ರಾಂಚ್ ಯಾವುದಾದರೂ ಸರಿ ಅನ್ನೋರಿಗೆ ಇದು ಚಿನ್ನ. ಮಗಳು ಒಪ್ಪಲಿಲ್ಲ, ತೆಗೆದುಬಿಟ್ಟೆ.

ಮೊದಲ ಸುತ್ತಲ್ಲಿ ಸಿಕ್ಕಿದ್ದು ದೂರದ ಒಂದು ಸರ್ಕಾರಿ ಕಾಲೇಜಿನ ಸಿವಿಲ್. ಚಾಯ್ಸ್ 3 ಹಾಕಿ ಅಂತ ಎಲ್ಲರ ಸಲಹೆ. ಇರುವ ಸೀಟು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಕಾಯೋ ಧೈರ್ಯ ನನಗಿರಲಿಲ್ಲ. ಚಾಯ್ಸ್ 2 ಹಾಕಿದೆ. ಪಟ್ಟಿಯಲ್ಲಿ ಅದಕ್ಕಿಂತ ಮೇಲಿಟ್ಟದ್ದು ಸಿಕ್ಕರೆ ಹಳೇದು ತಾನಾಗೇ ರದ್ದಾಗುತ್ತೆ, ಸಿಗದಿದ್ದರೆ ಸಿವಿಲ್ ಹೇಗೂ ಇದೆ. ನಮ್ಮ ಸಲ ಎರಡನೇ ಸುತ್ತಲ್ಲಿ ಹೊಸ ಆಪ್ಷನ್ ಸೇರಿಸೋಕೆ ಬಿಡಲಿಲ್ಲ. ನಾನು ಮೊದಲೇ ನೂರರ ಹತ್ತಿರ ತುಂಬಿಸಿಟ್ಟಿದ್ದೆ. ನೋಡಿ ನಕ್ಕವರು ಆಮೇಲೆ ನನ್ನ ಎಕ್ಸೆಲ್ ಕೇಳಿದರು. ಎರಡನೇ ಸುತ್ತಲ್ಲೇ ಹಾಸನ ಬಂತು.

ಹಾಸ್ಟೆಲ್, ಪುಸ್ತಕ ಎಲ್ಲ ಸೇರಿಸಿದರೂ ನಾಲ್ಕು ವರ್ಷಕ್ಕೆ ಆ ಏಜೆಂಟ್ ಕೇಳಿದ ದುಡ್ಡಿನ ಅರ್ಧ ದಾಟಲ್ಲ ಅಂತ ನನ್ನ ಲೆಕ್ಕ. ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು, ಅದನ್ನು ಪರೀಕ್ಷೆಗೆ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಯಾವ ಆಪ್ಷನ್ ಯಾವುದರ ಕೆಳಗೆ ಕೂರಿಸಿದೆ ಅಂತ ಮಾತ್ರ ಈಗ ಹೇಳಲ್ಲ. ತಮ್ಮನ ಮಗ ಮುಂದಿನ ವರ್ಷ ಸಿಇಟಿ ಬರೀತಾನೆ.