ಪರಸಿ ನೆಲ, ಕೌದಿ, ಹಳೆ ಮೈಕು: ಕಲಬುರಗಿಯ ಮನೆಯಲ್ಲಿ ರೆಕಾರ್ಡಿಂಗ್

ತತ್ವಪದ, ವಚನ, ಭಜನೆ ಹಾಡುವವರು ಮನೆಯಲ್ಲೇ ರೆಕಾರ್ಡಿಂಗ್ ಮಾಡಬೇಕೆಂದಾಗ ಮೊದಲು ಕೇಳುವುದು ಯಾವ ಮೈಕು ಕೊಳ್ಳಬೇಕು ಎಂದು. ಮೈಕಿಗಿಂತ ಮುಂಚೆ ಕೋಣೆ ನೋಡಿ. ನಮ್ಮ ಕಡೆ ನೆಲಕ್ಕೆ ಶಹಾಬಾದ್ ಪರಸಿ, ಗೋಡೆಗೆ ಸಿಮೆಂಟು, ಮೇಲೆ ಆರ್‌ಸಿಸಿ ಇಲ್ಲವೇ ತಗಡು. ಇವು ಯಾವುವೂ ದನಿ ಹೀರುವುದಿಲ್ಲ. ಕೋಣೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ‘ಝರ್ರ್’ ಎಂದು ಸದ್ದು ಬಂದರೆ ಎದುರುಬದುರಿನ ಗೋಡೆಗಳು ದನಿಯನ್ನು ಎಸೆದಾಡುತ್ತಿವೆ ಎಂದರ್ಥ. ಅದು ಒಮ್ಮೆ ರೆಕಾರ್ಡ್ ಆಯಿತೆಂದರೆ ಯಾವ ಸಾಫ್ಟ್‌ವೇರಿನಿಂದಲೂ ಪೂರ್ತಿ ತೆಗೆಯಲಾಗದು.

ಇದಕ್ಕೆ ಮದ್ದು ಮನೆಯಲ್ಲೇ ಇದೆ: ಕೌದಿ. ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದ ದಪ್ಪ ಕೌದಿ, ಒಂದಿಂಚಿನ ತೆಳು ಫೋಮಿಗಿಂತ ಎಷ್ಟೋ ವಾಸಿ. ಹಗ್ಗ ಕಟ್ಟಿ ಎರಡು ಕೌದಿಗಳನ್ನು ಹಾಡುವವರ ಬೆನ್ನ ಹಿಂದೆ, ಕೋಣೆಯ ಮೂಲೆಯಂತೆ ಕೂಡಿಸಿ ಇಳಿಬಿಡಿ. ಮೈಕಿನ ಹಿಂದೆ ಅಲ್ಲ, ಹಾಡುವವರ ಹಿಂದೆ. ಮೈಕಿನ ಬಾಯಿ ನೋಡುವುದು ಆ ಕಡೆಗೇ. ಗೋಡೆಗೆ ಅಂಟಿಸದೆ ನಾಲ್ಕು ಬೆರಳಿನಷ್ಟಾದರೂ ದೂರ ಬಿಟ್ಟರೆ ಇನ್ನೂ ತಗ್ಗಿನ ದನಿಯನ್ನೂ ಹೀರುತ್ತದೆ. ಕಾಲ ಕೆಳಗೆ ಜಮಖಾನೆ, ಕೋಣೆಯ ಮೂಲೆಯಲ್ಲಿ ನಿಲ್ಲಿಸಿದ ಹತ್ತಿಯ ಗಾದಿ. ಮತ್ತೆ ಚಪ್ಪಾಳೆ ತಟ್ಟಿ ನೋಡಿ, ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಎರಡನೆಯ ತೊಡಕು ಕರೆಂಟು. ಹೆಡ್‌ಫೋನಿನಲ್ಲಿ ‘ಗುಂಯ್’ ಎಂಬ 50 ಹರ್ಟ್ಸ್ ಸದ್ದು ಕೇಳಿದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಕೇಳಿ. ಸದ್ದು ನಿಂತರೆ ದೋಷ ಅರ್ಥಿಂಗಿನದು ಅಥವಾ ಚಾರ್ಜರಿನದು. ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಬಿರಿದಾಗ ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಆಗಾಗ ನೀರು ಹಾಕಿಸಿ. ಸದ್ದು ಹೋಗಲೆಂದು ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಚಾಳಿಯಿದೆ. ದಯವಿಟ್ಟು ಬೇಡ, ಮೈಕಿನ ಲೋಹ ಮುಟ್ಟಿದವರಿಗೆ ಶಾಕ್ ಹೊಡೆದೀತು. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ರೆಕಾರ್ಡ್ ಮಾಡುವುದೇ ಸುಲಭದ ದಾರಿ. ಅಗ್ಗದ ಇನ್ವರ್ಟರಿನ ಕಿರಿಕಿರಿ ಸದ್ದೂ ತಪ್ಪುತ್ತದೆ, ನಡುವೆ ಕರೆಂಟು ಹೋದರೂ ಹಾಡು ನಿಲ್ಲದು.

ಆದ್ದರಿಂದ ಹಳೆ ಲ್ಯಾಪ್‌ಟಾಪ್ ಕೊಳ್ಳುವಾಗ ಐ5, 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿಯ ಜೊತೆಗೆ ಒಂದು ತಾಸಾದರೂ ನಿಲ್ಲುವ ಬ್ಯಾಟರಿ ಕೇಳಿ. ಇಂಟರ್‌ಫೇಸ್ (ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುವ ಪೆಟ್ಟಿಗೆ) ಕೂಡ ಯುಎಸ್‌ಬಿಯ ಕರೆಂಟಿನಿಂದಲೇ ಓಡುವಂಥದ್ದಿರಲಿ: ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2, ಬೆಹ್ರಿಂಗರ್ ಯುಎಂಸಿ202ಎಚ್‌ಡಿ ಇಂಥವು. ಯುಎಸ್‌ಬಿ ಬದಲು ಹಳೆಯ ಫೈರ್‌ವೈರ್ ಕಿಂಡಿ ಇರುವುದು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ, ಈಗಿನ ಲ್ಯಾಪ್‌ಟಾಪಿಗೆ ಆ ಕಿಂಡಿಯೇ ಇಲ್ಲ.

ಹೈದರಾಬಾದಿಗೋ ಸೋಲಾಪುರಕ್ಕೋ ಹೋಗಿ ಹಳೆ ಇಂಟರ್‌ಫೇಸ್ ತರುವುದಾದರೆ ನಿಮ್ಮ ಲ್ಯಾಪ್‌ಟಾಪ್, ಹೆಡ್‌ಫೋನ್, ಎಕ್ಸ್‌ಎಲ್‌ಆರ್ ಕೇಬಲ್ (ಮೂರು ಪಿನ್ನಿನ ಮೈಕಿನ ತಂತಿ), ಮೈಕು, ಮಲ್ಟಿಮೀಟರ್ ಒಯ್ಯಿರಿ. ಯುಎಸ್‌ಬಿ ತಂತಿಯನ್ನು ಕಿಂಡಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿ. ಸಂಪರ್ಕ ತಪ್ಪಿದರೆ ಕಿಂಡಿಯ ಸೋಲ್ಡರ್ ಬಿಟ್ಟಿರಬಹುದು, ಕೊಳ್ಳಬೇಡಿ. ಗೇನ್ ಗುಂಡಿ (ಮೈಕಿನ ದನಿ ಏರಿಸಿ ಇಳಿಸುವುದು) ತಿರುಗಿಸುವಾಗ ‘ಚರಚರ’ ಎಂದರೆ ಒಳಗೆ ಧೂಳು ಕೂತಿದೆ. ಕಾಂಟ್ಯಾಕ್ಟ್ ಕ್ಲೀನರಿನಿಂದ ಬಹುಮಟ್ಟಿಗೆ ಹೋಗುತ್ತದೆ, ಅದನ್ನೇ ಹಿಡಿದು ಬೆಲೆ ಇಳಿಸಿ. ಮೈಕು ತೆಗೆದು 48 ವೋಲ್ಟ್ ಗುಂಡಿ (ಕೆಲವು ಸೂಕ್ಷ್ಮ ಮೈಕುಗಳಿಗೆ ಕರೆಂಟು ಕೊಡುವುದು) ಒತ್ತಿ, ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಮೈಕಿನ ಕಿಂಡಿಯ ಒಂದನೆಯ ತೂತಿಗೆ, ಕೆಂಪನ್ನು ಎರಡಕ್ಕೆ, ಆಮೇಲೆ ಮೂರಕ್ಕೆ ಹಿಡಿಯಿರಿ. ಎರಡೂ ಕಡೆ 44ರಿಂದ 52 ವೋಲ್ಟ್ ಒಳಗೆ, ಹೆಚ್ಚುಕಡಿಮೆ ಒಂದೇ ಬರಬೇಕು.

ಮೈಕಿಗೆ ಶ್ಯೂರ್ ಎಸ್‌ಎಂ58 ಸಾಕು. ಆ 48 ವೋಲ್ಟ್ ಬೇಡುವ ಕಂಡೆನ್ಸರ್ ಮೈಕು ಸೂಕ್ಷ್ಮ, ನಿಜ. ಆದರೆ ಪಕ್ಕದ ಮನೆಯ ಬೋರ್ ಮೋಟಾರನ್ನೂ ಕೇಳಿಸಿಕೊಳ್ಳುತ್ತದೆ. ಎಸ್‌ಎಂ58ರ ನಕಲಿಗಳು ಬಹಳ. ಅಸಲಿನ ತೂಕ ಸುಮಾರು 298 ಗ್ರಾಂ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ. ತೂಕ ಕಡಿಮೆ ಬಂದರೆ ಬಿಟ್ಟುಬಿಡಿ. ತೂಕ ಸರಿ ಬಂದರೂ ಹಾಡಿಸಿ ಕೇಳದೆ ದುಡ್ಡು ಕೊಡಬೇಡಿ.

ಸಾಫ್ಟ್‌ವೇರಿಗೆ ರೀಪರ್ ಇಳಿಸಿಕೊಳ್ಳಿ, 60 ದಿನ ಪುಕ್ಕಟೆ ನೋಡಬಹುದು. ಇಂಟರ್‌ಫೇಸ್ ಕಂಪನಿಯದೇ ಆಸಿಯೋ ಡ್ರೈವರ್ (ದನಿ ತಡವಾಗದಂತೆ ಇಂಟರ್‌ಫೇಸಿಗೂ ಲ್ಯಾಪ್‌ಟಾಪಿಗೂ ಕೊಂಡಿಯಾಗುವ ತಂತ್ರಾಂಶ) ಹಾಕಿ, ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್. ರೆಕಾರ್ಡಿಂಗಿಗೆ ಬಫರ್ (ಲ್ಯಾಪ್‌ಟಾಪ್ ಒಮ್ಮೆಗೆ ಹಿಡಿದಿಟ್ಟುಕೊಳ್ಳುವ ದನಿಯ ತುಣುಕು) 128. ‘ಪಟ್ ಪಟ್’ ಸದ್ದು ಬಂದರೆ 256. ಮಿಕ್ಸಿಂಗಿಗೆ 1024. ಹಾಡಿನಲ್ಲಿ ಅತಿ ಎತ್ತರದ ಸಾಲನ್ನೇ ಹಾಡಿಸಿ, ರೀಪರಿನ ದನಿ ಮೀಟರ್ ಮೈನಸ್ 12 ಡಿಬಿ ಆಸುಪಾಸು ನಿಲ್ಲುವಂತೆ ಗೇನ್ ಇಡಿ. ರಿಯಾಜಿನಲ್ಲಿ ಮೆಲ್ಲಗೆ ಹಾಡಿದವರು ರೆಕಾರ್ಡಿಂಗ್ ಶುರುವಾದ ಕೂಡಲೇ ದನಿ ಏರಿಸುತ್ತಾರೆ. ಸೊನ್ನೆ ದಾಟಿ ಒಡೆದ ದನಿ ಮತ್ತೆ ಕೂಡುವುದಿಲ್ಲ.

ಬಾಯಿಗೂ ಮೈಕಿಗೂ ಒಂದು ಗೇಣಿಗಿಂತ ತುಸು ಕಡಿಮೆ ದೂರ, ಮೈಕು ತುಟಿಯ ನೇರಕ್ಕಲ್ಲದೆ ಸ್ವಲ್ಪ ಓರೆ. ‘ಪ’, ‘ಭ’ ಅಕ್ಷರಗಳ ಗಾಳಿ ಪಕ್ಕಕ್ಕೆ ಹೋಗುತ್ತದೆ. ಹಾರ್ಮೋನಿಯಂ ನುಡಿಸುವವರು ಹಾಡುವವರ ಎದುರು, ಅಂದರೆ ಮೈಕಿನ ಬೆನ್ನ ಕಡೆ ಕೂರಲಿ. ಎಸ್‌ಎಂ58 ಬೆನ್ನ ಕಡೆಯ ದನಿಯನ್ನು ಕಡಿಮೆ ಹಿಡಿಯುತ್ತದೆ. ಹಾರ್ಮೋನಿಯಂಗೆ ಎರಡನೆಯ ಮೈಕು ಇದ್ದರೆ ತಿದಿಯಿಂದ ದೂರಕ್ಕೆ, ಬೆರಳಿಡುವ ಮನೆಗಳ ಮೇಲೆ ಒಂದೂವರೆ ಅಡಿ ಎತ್ತರದಲ್ಲಿ ಇಡಿ. ಎರಡು ಮೈಕುಗಳ ನಡುವೆ, ಪ್ರತಿ ಮೈಕಿಗೂ ಅದರ ದನಿಗೂ ಇರುವ ದೂರದ ಮೂರು ಪಟ್ಟು ಅಂತರವಿರಲಿ. ಇಲ್ಲದಿದ್ದರೆ ಎರಡನ್ನೂ ಕೂಡಿಸಿದಾಗ ದನಿ ಡಬ್ಬಿಯೊಳಗಿಂದ ಬಂದಂತೆ ಸೊರಗುತ್ತದೆ.

ಫ್ಯಾನು, ಕೂಲರ್ ಬಂದ್. 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಇದು ಕಷ್ಟ. ಬೆಳಗಿನ ಐದಕ್ಕೇ ಕೂತರೆ ಓಣಿಯೂ ಸುಮ್ಮನಿರುತ್ತದೆ, ಕೊರಳೂ ತಂಪಾಗಿರುತ್ತದೆ.